ಔರಾದಿಗೆ ಹೊರಟ ಮೊಮ್ಮಗಳಿಗೆ

ಭಾಲ್ಕಿ

ಚಿ. ತಂಗೆಮ್ಮಗೆ,

ಔರಾದ್ ಕಡೆಯ ಧರ್ಮಸಂಸ್ಥೆಯೊಂದರ ಹಾಸ್ಟೆಲ್ಲಿನಲ್ಲಿ ನಿನಗೆ ನೌಕರಿ ಆಯ್ತೆಂದು ನಿಮ್ಮ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನೀನು ಮಾತ್ರ ಫೋನಿನಲ್ಲಿ ತಕರಾರು ತೆಗೆದೆ: ಮಠ, ಚರ್ಚು, ಗುರುದ್ವಾರದವರು ಶಾಲೆ ನಡೆಸುವುದು ತಮ್ಮ ಮಂದಿ ಹೆಚ್ಚಿಸಿಕೊಳ್ಳಲಿಕ್ಕೇ ಅಲ್ಲವೇ ಅಂತ. ಕೇಳಬೇಕಾದ ಮಾತೇ. ಫೋನಿನಲ್ಲಿ ನನಗೆ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಜಾಮನ ಕಾಲದಲ್ಲಿ ಈ ಸೀಮೆಯಲ್ಲಿ ಶಾಲೆ ಅಂದರೆ ಉರ್ದು. ನಮ್ಮ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ನಿನಗೆ ಗೊತ್ತು. ಪ್ರತಿ ನವೆಂಬರಿನಲ್ಲಿ ಭಾಷಣಗಳಲ್ಲಿ ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಆ ಬೋರ್ಡಿನ ಹಿಂದೆ ಅನ್ನವೂ ಇತ್ತು ಅನ್ನುವುದು ಭಾಷಣದಲ್ಲಿ ಅಷ್ಟಾಗಿ ಬರುವುದಿಲ್ಲ. ಭಿಕ್ಷೆ ಎತ್ತಿ ಮಕ್ಕಳಿಗೆ ಉಣಿಸಿದವರು ಅವರು. ತಾವು ಹುಟ್ಟಿದ ಕಮಲನಗರದಲ್ಲೂ ಶಾಲೆ ತೆರೆದರು. ಆ ಊರು ಮೊನ್ನೆ ಮೊನ್ನೆಯವರೆಗೆ ನಿನ್ನ ಔರಾದ್ ತಾಲ್ಲೂಕಿನಲ್ಲೇ ಇತ್ತು. ಅನ್ನ ಯಾಕೆ ಅಂತೀಯಾ? ಮಗ ಓದಲಿಕ್ಕೆ ಹೋದರೆ ಹೊಲದಲ್ಲಿ ಎರಡು ಕೈ ಕಡಿಮೆ ಅಂತ ತಂದೆ ಲೆಕ್ಕ ಹಾಕುತ್ತಾನೆ. ಮನೆಯಲ್ಲಿ ಒಂದು ಹೊಟ್ಟೆಯ ಭಾರವೂ ಇಳಿಯುತ್ತದೆ ಅಂದಾಗಲೇ ಅವನ ಲೆಕ್ಕ ಸರಿಹೋಗುವುದು. ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾದರು. ಅವರ ನಂತರ ಬಂದ ಬಸವಲಿಂಗ ಪಟ್ಟದ್ದೇವರು ಹೆತ್ತವರು ಬಿಟ್ಟುಹೋದ ಕೂಸುಗಳನ್ನೂ ಮಠದಲ್ಲಿ ಸಾಕುತ್ತಿದ್ದಾರೆ.

ಹೀಗೆ ಅನ್ನ ಹಾಕಿ ಕಲಿಸುವುದು ಬೀದರಿಗೆ ಹೊಸದೂ ಅಲ್ಲ, ಒಬ್ಬರ ಸೊತ್ತೂ ಅಲ್ಲ. ಮಹಮೂದ್ ಗವಾನ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಓದುವವರಿಗೆ ಊಟ, ಇರುವ ಜಾಗ ಪುಕ್ಕಟೆ ಇತ್ತು. ಮೆಥೋಡಿಸ್ಟ್ ಮಿಷನ್ನಿನವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಜಾತಿ ಕೇಳದೆ ಬಡಿಸುತ್ತಾರೆ. 1980ರಲ್ಲಿ ಗುರು ನಾನಕರ ಹೆಸರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು. ಕುರಾನ್ ಕಂಠಪಾಠ ಮಾಡಿದ ಹುಡುಗರಿಗೆ ಶಾಹೀನ್ ಸಂಸ್ಥೆಯವರು ಗಣಿತ, ವಿಜ್ಞಾನ ಕಲಿಸಿ ಡಾಕ್ಟರಕಿಯ ತನಕ ಒಯ್ಯುತ್ತಾರೆ. ಇವರಿಗೆಲ್ಲ ತಮ್ಮ ತಮ್ಮ ದೇವರ ಮೇಲೆ ಅಭಿಮಾನ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ನಾನು ನೋಡುವುದು ಅಲ್ಲಿ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅನ್ನುವುದನ್ನು. ನೀನೂ ಮೊದಲ ದಿನ ಅದನ್ನೇ ನೋಡು.

ಇನ್ನು ನಿನ್ನ ಕೆಲಸದ ವಿಷಯ. ಜೂನ್‌ನಲ್ಲಿ ತಾಂಡಾದ ತಂದೆತಾಯಿ ಪತ್ರಾದ ಪೆಟ್ಟಿಗೆ ಹೊತ್ತು ಬರುತ್ತಾರೆ. ಪೆಟ್ಟಿಗೆಯಲ್ಲಿ ಎರಡು ಜೊತೆ ಅರಿವೆ, ಒಂದು ತಾಟು, ಡಬ್ಬಿಯಲ್ಲಿ ಶೇಂಗಾ ಹಿಂಡಿ. ತಂದೆ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಿರುತ್ತಾನೆ. ಅವನನ್ನು ಒಳಗೆ ಕರಿ, ಮಗು ಮಲಗುವ ಜಾಗ ತೋರಿಸು, ಆಮೇಲೆ ಹೆಬ್ಬೆಟ್ಟು ಹಾಕಿಸು. ಸೋಯಾ ರಾಶಿ ಮುಗಿದರೆ ಆ ಮಂದಿ ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಟುಬಿಡುತ್ತಾರೆ. ದೀಪಾವಳಿ ಸೂಟಿಗೆ ಮನೆಗೆ ಹೋದ ಹುಡುಗಿ ತಮ್ಮನನ್ನು ಎತ್ತಿಕೊಳ್ಳಲು ಅವರ ಜೊತೆಗೇ ಹೋದಳೋ, ಹಾಜರಿ ಪಟ್ಟಿಯಲ್ಲಿ ಅವಳ ಹೆಸರು ಅಲ್ಲಿಗೇ ನಿಂತಿತು. ಸೂಟಿ ಮುಗಿಯುವ ಮೊದಲೇ ತಾಂಡಾಕ್ಕೆ ಹೋಗಿ ಬಾ. ಆ ತಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳು. ಅಜ್ಜಿ ಇದ್ದಾಳೋ, ಅಂಗನವಾಡಿ ಹತ್ತಿರವೋ. ಈ ಕೆಲಸ ನೌಕರಿಯ ಆರ್ಡರಿನಲ್ಲಿ ಬರೆದಿರುವುದಿಲ್ಲ. ಪಾಲಕರ ಸಭೆಯನ್ನೂ ಕೂಲಿಯ ದಿನ ಇಡಬೇಡ, ಒಂದು ದಿನದ ಪಗಾರ ಹೋಗುತ್ತದೆ.

ಮುಂಜಾನೆಯ ಪ್ರಾರ್ಥನೆ ಇರಲಿ, ಮಕ್ಕಳಿಗೆ ಹಾಡುವುದು ಸೇರುತ್ತದೆ. ಬೇರೆ ಧರ್ಮದ ಮಗು ಒಲ್ಲೆ ಅಂದರೆ ಗದರಬೇಡ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗೆ, ಪೂಜೆಗೆ ಕೂರಿಸುವ ಹಾಗಿಲ್ಲ ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಮೇಲಿನವರು ಏನಾದರೂ ಅಂದರೆ ಅದನ್ನು ತೋರಿಸು, ಮೆತ್ತಗೆ.

ಹಾಸ್ಟೆಲ್ಲಿನಲ್ಲಿ ಹೊದೆಯಲು ಎಷ್ಟು ಕಂಬಳಿ ಇವೆ, ಎಷ್ಟು ಹರಿದಿವೆ ಅಂತ ಎಣಿಸಿ ತಿಳಿಸು. ಚಳಿ ಶುರುವಾದ ಮೇಲೆ ರೇಟು ಏರುತ್ತದೆ. ಇಲ್ಲಿ ಅಂಗಡಿಯವರಿಗೆ ಈಗಲೇ ಹೇಳಿಡುತ್ತೇನೆ.

ನಿನ್ನ
ಮುತ್ಯಾ