ಸೋಮನಾಥಪುರದಿಂದ ಬಂಡೀಪುರಕ್ಕೆ

ಒಂದೇ ಹಗಲಿನಲ್ಲಿ ಏಳೂವರೆ ಶತಮಾನಗಳ ಹಿಂದಿನ ಶಿಲ್ಪವನ್ನೂ, ಎರಡು ನದಿಗಳ ಸಂಗಮವನ್ನೂ, ಆನೆಗಳು ಅಲೆಯುವ ಅರಣ್ಯವನ್ನೂ ನೋಡಬೇಕೆಂದು ಬಯಸುವವರಿಗೆ ಮೈಸೂರಿನಷ್ಟು ಅನುಕೂಲವಾದ ಊರು ಅಪರೂಪ. ಮೈಸೂರಿನಿಂದ ಬನ್ನೂರಿನ ಮೇಲೆ ಹಾಯ್ದು ಸೋಮನಾಥಪುರವನ್ನು ಸೇರಿ, ಅಲ್ಲಿಂದ ತಿರುಮಕೂಡಲು ನರಸೀಪುರ, ನಂಜನಗೂಡು, ಗುಂಡ್ಲುಪೇಟೆಗಳ ಮಾರ್ಗವಾಗಿ ಬಂಡೀಪುರವನ್ನು ಮುಟ್ಟಬಹುದು. ನನ್ನ ತಂದೆತಾಯಿಗಳು, ನನ್ನ ಪತ್ನಿ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು, ಅವಳ ತಮ್ಮ ಮತ್ತು ನಾನು ಒಂದು ಬಾಡಿಗೆಯ ವಾಹನದಲ್ಲಿ ಈ ದಾರಿಯನ್ನು ಹಿಡಿದು ಹೊರಟೆವು. ತಂದೆಯವರು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಆದುದರಿಂದ ದಾರಿಯುದ್ದಕ್ಕೂ ಪಾಠಕ್ಕೆ ಕೊರತೆಯಿರಲಿಲ್ಲ.

ಕುರಿಯ ತಳಿಗೆ ಹೆಸರಾದ ಬನ್ನೂರನ್ನು ದಾಟಿ, ಭತ್ತ ಮತ್ತು ಕಬ್ಬಿನ ಗದ್ದೆಗಳ ನಡುವೆ ಸಾಗಿ ಸೋಮನಾಥಪುರವನ್ನು ತಲಪಿದೆವು. ಊರು ಚಿಕ್ಕದು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ಇಲ್ಲಿ ತನ್ನ ಹೆಸರಿನಲ್ಲಿ ಒಂದು ಅಗ್ರಹಾರವನ್ನು ಸ್ಥಾಪಿಸಿ, ಕ್ರಿ.ಶ. ೧೨೫೮ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದನು. ಮಹಾದ್ವಾರವನ್ನು ಹೊಕ್ಕೊಡನೆ, ವಿಶಾಲವಾದ ಅಂಗಳದ ನಡುವೆ, ನಕ್ಷತ್ರಾಕಾರದ ಜಗತಿಯ ಮೇಲೆ ನಿಂತ ಮೂರು ಗೋಪುರಗಳ ಗುಡಿ ಕಣ್ಣಿಗೆ ಬೀಳುತ್ತದೆ. ಸುತ್ತಲಿನ ಕೈಸಾಲೆಯಲ್ಲಿ ಅರವತ್ತನಾಲ್ಕು ಚಿಕ್ಕ ಗುಡಿಗಳಿವೆ. ಅವುಗಳಲ್ಲಿ ಈಗ ವಿಗ್ರಹಗಳಿಲ್ಲ.

ನಾವು ಜಗತಿಯನ್ನೇರಿ ಪ್ರದಕ್ಷಿಣೆಯಾಗಿ ನಡೆದೆವು. ಗೋಡೆಯ ಕೆಳಭಾಗದಲ್ಲಿ ಒಂದರ ಮೇಲೊಂದರಂತೆ ಆರು ಪಟ್ಟಿಕೆಗಳು: ಮೊದಲು ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಆ ಬಳಿಕ ಬಳ್ಳಿ, ಅನಂತರ ರಾಮಾಯಣ, ಭಾರತ, ಭಾಗವತಗಳ ಕಥೆಗಳು, ಅವುಗಳ ಮೇಲೆ ಮಕರ, ಎಲ್ಲಕ್ಕೂ ಮೇಲೆ ಹಂಸ. ಕಥೆಯ ಪಟ್ಟಿಕೆಯನ್ನು ಓದುತ್ತ ಹೋದರೆ ಓದು ಬಾರದವನಿಗೂ ಪುರಾಣವು ತಿಳಿಯುವಂತಿದೆ. ಒಳಗಿನ ಮಂಟಪದಲ್ಲಿ ಹದಿನಾರು ಛತ್ತುಗಳು. ಬಾಳೆಯ ಹೂವಿನ ಮೊಗ್ಗನ್ನು ತಲೆಕೆಳಗಾಗಿ ತೂಗುಬಿಟ್ಟಂತೆ ಕೆತ್ತಿದ ಛತ್ತನ್ನು ನೋಡಿ ತಾಯಿಯವರು ಬಹಳ ಹೊತ್ತು ತಲೆಯೆತ್ತಿ ನಿಂತುಬಿಟ್ಟರು. ಮೂರು ಗರ್ಭಗೃಹಗಳಲ್ಲಿ ಕೇಶವ, ಜನಾರ್ದನ, ವೇಣುಗೋಪಾಲರು. ಕೇಶವನ ಮೂಲವಿಗ್ರಹ ಈಗ ಇಲ್ಲ. ಅಲ್ಲಿರುವುದು ಮುಂದೆ ತಂದು ನಿಲ್ಲಿಸಿದುದು. ಅನೇಕ ಮೂರ್ತಿಗಳು ಭಿನ್ನವಾಗಿರುವುದರಿಂದ ಇಲ್ಲಿ ಪೂಜೆ ನಡೆಯುವುದಿಲ್ಲ.

"ತಾತ, ಕಲ್ಲಿನಲ್ಲಿ ಇಷ್ಟು ನವುರಾದ ಸರಗಳನ್ನು ಹೇಗೆ ಕೊರೆದರು?" ಎಂದು ಮಗಳು ಕೇಳಿದಳು.

"ಇದು ಬಳಪದ ಕಲ್ಲು, ಮಗು. ನಾವೆಲ್ಲ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪವೂ ಇದೇ ಜಾತಿಯದು. ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು ಉಳಿಗೆ ಸುಲಭವಾಗಿ ಒಲಿಯುತ್ತದೆ. ಗಾಳಿಗೆ ಮೈಯೊಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ" ಎಂದರು ತಂದೆಯವರು.

"ಗಟ್ಟಿಯಾದರೆ ನಾವು ಮುಟ್ಟಬಹುದಲ್ಲವೆ?" ಎಂದು ಹುಡುಗನು ಕೈಚಾಚಿದನು.

ತಂದೆಯವರು ಮೆಲ್ಲನೆ ಅವನ ಕೈಹಿಡಿದರು. "ಎಷ್ಟು ಗಟ್ಟಿಯಾದರೂ ಬಳಪ ಬಳಪವೇ. ನಿನ್ನೊಬ್ಬನ ಬೆರಳಿನಿಂದ ಏನೂ ಆಗದು. ದಿನಕ್ಕೆ ಸಾವಿರ ಬೆರಳುಗಳು ನೂರು ವರ್ಷ ಸವರಿದರೆ ಆನೆಯ ಸೊಂಡಿಲು ಉಳಿದೀತೆ?"

ಆಮೇಲೆ ಅವರು ಒಂದು ಮೂರ್ತಿಯ ಪೀಠದ ಕೆಳಗಿದ್ದ ಹಳೆಯ ಕನ್ನಡ ಅಕ್ಷರಗಳನ್ನು ತೋರಿಸಿದರು. ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರನ್ನು ಬರೆಯುತ್ತಿದ್ದರು. ಇಲ್ಲಿ ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ ಮೊದಲಾದವರ ಹೆಸರುಗಳು ದೊರೆತಿವೆ. ಎಲ್ಲರಿಗಿಂತ ಹೆಚ್ಚು ಮೂರ್ತಿಗಳ ಕೆಳಗೆ ಕಾಣುವುದು ಮಲ್ಲಿತಮ್ಮನ ಹೆಸರು; ಕೆಲವೆಡೆ ಅವನು 'ಮ' ಎಂಬ ಒಂದೇ ಅಕ್ಷರದಿಂದ ತೃಪ್ತನಾಗಿದ್ದಾನೆ. ನಾಡಿನ ಎಷ್ಟೋ ಹಳೆಯ ಕಟ್ಟಡಗಳ ಗೋಡೆಗಳಲ್ಲಿ ನೋಡಲು ಬಂದವರು ಮೊಳೆಯಿಂದ ಗೀಚಿದ ಹೆಸರುಗಳೂ ಇರುತ್ತವೆ. ಹೆಸರು ಉಳಿಯಬೇಕೆಂಬ ಆಸೆ ಎರಡರಲ್ಲಿಯೂ ಇದೆ. ಆದರೆ ಮೊದಲಿನದು ದುಡಿದವನ ಅಂಕಿತ, ಎರಡನೆಯದು ಪರರ ದುಡಿಮೆಯ ಮೇಲೆ ಎಳೆದ ಗಾಯ. ಸಂರಕ್ಷಿತ ಸ್ಮಾರಕವನ್ನು ಕೆಡಿಸುವವರಿಗೆ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಶಿಕ್ಷೆಯನ್ನು ವಿಧಿಸಿದೆ. ೨೦೧೦ರ ತಿದ್ದುಪಡಿಯಿಂದ ಅದು ಎರಡು ವರ್ಷಗಳ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡದವರೆಗೆ ಏರಿದೆ. ಆದರೆ ಯಾವ ಶಿಕ್ಷೆಯೂ ಒಡೆದ ಬೆರಳನ್ನು ಮರಳಿ ಕೂಡಿಸಲಾರದು.

ಈ ಗುಡಿಯು ನಮ್ಮ ಕಾಲದವರೆಗೆ ಉಳಿದುಬಂದುದರ ಹಿಂದೆ ಹಲವರ ಶ್ರಮವಿದೆ. ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ, 'ಕರ್ನಾಟಕ ಕವಿಚರಿತೆ'ಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿಯೇ ಈ ದೇವಾಲಯವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿಂದ ದಕ್ಷಿಣಕ್ಕೆ ತಿರುಗಿ ತಿರುಮಕೂಡಲು ನರಸೀಪುರಕ್ಕೆ ಬಂದೆವು. ಕಾವೇರಿಯೂ ಕಪಿಲೆಯೂ ಇಲ್ಲಿ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಮೂರರ ಕೂಡಲಾಯಿತೆಂಬುದು ಜನರ ನಂಬಿಕೆ. ೧೯೮೯ರಲ್ಲಿ ಮೊದಲಾದ ಕುಂಭಮೇಳಕ್ಕೆ ಮೂರು ವರ್ಷಕ್ಕೊಮ್ಮೆ ಇಲ್ಲಿ ಜನಸಾಗರ ಸೇರುತ್ತದೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಮಿಗಿಲೆಂದು ಹೇಳುತ್ತಾರೆ. ದೇವರಿಗೆ ಗುಂಜಾನರಸಿಂಹನೆಂಬ ಹೆಸರು. ಹಾಗೆಯೇ ಮುಂದೆ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಪಡೆದು, ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು ನೋಡಿದೆವು. ೧೭೩೫ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಈ ಸೇತುವೆಯ ಮೇಲೆ ಮುಂದೆ ರೈಲೂ ಓಡಾಡಿತು. ಬಹುಕಾಲ ಬಂಡಿಯ ದಾರಿಯನ್ನೂ ರೈಲುಹಳಿಯನ್ನೂ ಒಟ್ಟಿಗೆ ಹೊತ್ತ ಈ ಸೇತುವೆಗೆ ಈಗ ವಿಶ್ರಾಂತಿ ದೊರೆತಿದೆ. ತಾಯಿಯವರು ಅಂಗಡಿಯೊಂದರಲ್ಲಿ ನಂಜನಗೂಡಿನ ರಸಬಾಳೆಯ ಒಂದು ಚಿಪ್ಪನ್ನು ಕೊಂಡರು.

ಗುಂಡ್ಲುಪೇಟೆಯನ್ನು ದಾಟಿದ ಮೇಲೆ ಊಟಿಯ ರಸ್ತೆಯಲ್ಲಿ ಅರಣ್ಯ ಪ್ರಾರಂಭವಾಯಿತು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ ಮುಂದೆ ಒಂದು ವನ್ಯಜೀವಿ ಉದ್ಯಾನವು ಏರ್ಪಟ್ಟಿತು. ಅದಕ್ಕೆ ಇಟ್ಟ ಹೆಸರು ಗೋಪಾಲಸ್ವಾಮಿ ಬೆಟ್ಟದ ದೇವರಾದ ವೇಣುಗೋಪಾಲನದು. ೧೯೭೩ರಲ್ಲಿ ದೇಶದಲ್ಲಿ ಹುಲಿ ಯೋಜನೆಯು ಜಾರಿಗೆ ಬಂದಾಗ ಆರಿಸಲಾದ ಮೊದಲ ಒಂಬತ್ತು ಅರಣ್ಯಗಳಲ್ಲಿ ಇದೂ ಒಂದು.

ರಸ್ತೆಯ ಅಂಚಿನಲ್ಲಿ ಮರಿಯನ್ನು ಅಪ್ಪಿಕೊಂಡ ಒಂದು ಕೋತಿ ಕುಳಿತಿತ್ತು. "ಅಜ್ಜಿ, ಒಂದು ಹಣ್ಣು ಕೊಡಿ, ಎಸೆಯುತ್ತೇನೆ" ಎಂದನು ಹುಡುಗ.

"ಬೇಡಪ್ಪ" ಎಂದರು ತಾಯಿಯವರು. "ಇವತ್ತು ನೀನು ಕೊಟ್ಟರೆ ನಾಳೆಯೂ ಅದು ಇಲ್ಲೇ ಕಾಯುತ್ತದೆ. ಕಾಡಿನಲ್ಲಿ ಹಣ್ಣು ಹುಡುಕುವುದನ್ನು ಮರಿಗೆ ಯಾರು ಕಲಿಸಬೇಕು? ಯಾವುದಾದರೂ ಗಾಡಿ ಬಂದು ಹಾದರೆ?"

ಅವರ ಭಯ ಸುಳ್ಳಲ್ಲ. ವೇಗವಾಗಿ ಬರುವ ವಾಹನಗಳಿಗೆ ಸಿಕ್ಕಿ ಇಲ್ಲಿ ಅನೇಕ ಪ್ರಾಣಿಗಳು ಸತ್ತುದರಿಂದ, ೨೦೦೯ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವನ್ನು ನಿರ್ಬಂಧಿಸಲಾಯಿತು. ಇದರಿಂದ ವ್ಯಾಪಾರಕ್ಕೂ ಪ್ರಯಾಣಕ್ಕೂ ತೊಡಕಾಗುತ್ತದೆಂದು ನೆರೆಯ ವಯನಾಡಿನ ಜನ ಆಕ್ಷೇಪಿಸುತ್ತ ಬಂದಿದ್ದಾರೆ. ಅವರ ಕಷ್ಟವೂ ನಿಜವೇ. ಆದರೆ ರಾತ್ರಿಯಲ್ಲಿ ನೀರಿಗಾಗಿ ರಸ್ತೆ ದಾಟುವ ಜಿಂಕೆಗೆ ಆಕ್ಷೇಪಿಸಲು ನಾಲಗೆಯಿಲ್ಲ. ಅದರ ಪರವಾಗಿ ಯೋಚಿಸುವ ಹೊಣೆಯೂ ಮನುಷ್ಯನ ಮೇಲೆಯೇ ಬಿದ್ದಿದೆ.

ಸಂಜೆಯ ಬಿಸಿಲಿನಲ್ಲಿ, ಮರಗಳ ಮರೆಯಲ್ಲಿ, ಐದಾರು ಆನೆಗಳು ಸಾಲಾಗಿ ನಡೆದುಹೋದವು. ಅಲ್ಲಿ ವಾಹನವನ್ನು ನಿಲ್ಲಿಸುವಂತಿಲ್ಲವಾದುದರಿಂದ ಮೆಲ್ಲಗೆ ಸಾಗುತ್ತಲೇ ಅವನ್ನು ನೋಡಿದೆವು. "ಗುಡಿಯ ಗೋಡೆಯಲ್ಲಿದ್ದ ಸಾಲೇ ಎದ್ದು ಬಂದಂತಿದೆ!" ಎಂದಳು ಮಗಳು.

ಶಿಲ್ಪಿಗಳು ಕಲ್ಲಿನಲ್ಲಿ ಆನೆಯ ಸಾಲನ್ನು ಕಡೆದು ಏಳೂವರೆ ಶತಮಾನಗಳು ಕಳೆದಿವೆ. ಕಲ್ಲಿನ ಆನೆಯಾಗಲಿ, ಕಾಡಿನ ಆನೆಯಾಗಲಿ ನಾವು ಮಾಡಿದವುಗಳಲ್ಲ. ನಮ್ಮ ಕೈಗೆ ಬಂದವುಗಳು. ಅವುಗಳಿಗೆ ನಾವು ಸಲ್ಲಿಸಬೇಕಾದ ಸೇವೆ ದೊಡ್ಡದೇನೂ ಅಲ್ಲ: ಒಂದನ್ನು ಗೀಚದಿರುವುದು, ಇನ್ನೊಂದರ ದಾರಿಗೆ ಅಡ್ಡಬಾರದಿರುವುದು. ಇಷ್ಟು ಸಂಯಮ ನಮ್ಮಲ್ಲಿದ್ದರೆ, ಇನ್ನೂ ಹುಟ್ಟದಿರುವ ಮಕ್ಕಳು ಮುಂದೊಂದು ದಿನ ಇದೇ ದಾರಿಯಲ್ಲಿ ಬಂದು ಈ ಎರಡು ಸಾಲುಗಳನ್ನೂ ಕಂಡು ಬೆರಗಾದಾರು.