ಪೀಕು ಬರೋ ತಿಂಗಳು, ಸಾಲ ಕಟ್ಟೋ ತಿಂಗಳು

ಕುಬಿಹಾಳದಂಥ ಎರಿ ಭೂಮಿಯ ಊರಿನಲ್ಲಿ ಸಾಲವಿಲ್ಲದ ಒಕ್ಕಲುತನ ಅಪರೂಪ. ಬೀಜ, ಗೊಬ್ಬರ, ಕಳೆಯ ಕೂಲಿ ಎಲ್ಲಕ್ಕೂ ಮೊದಲೇ ದುಡ್ಡು ಬೇಕು. ಹೆಸರು ಕೈಗೆ ಬರುವುದು ಗಣೇಶ ಚೌತಿಯ ಸುಮಾರಿಗೆ, ಒಣಮೆಣಸಿನಕಾಯಿ ಸಂಕ್ರಾಂತಿಯ ಆಚೆ, ಕಡಲೆ ಶಿವರಾತ್ರಿಯ ಹೊತ್ತಿಗೆ. ವರ್ಷಕ್ಕೆ ಮೂರು ಸಲ ದುಡ್ಡು ಕಾಣುವ ಮನೆ ನಮ್ಮದು. ಇಂಥ ಮನೆಗೆ ಸಾಲ ಎಷ್ಟಿದೆ ಅನ್ನುವುದಕ್ಕಿಂತ ಅದರ ಬಡ್ಡಿ ಎಷ್ಟು, ಅದನ್ನು ಯಾವ ತಿಂಗಳು ಕಟ್ಟಬೇಕು ಅನ್ನುವುದೇ ಮುಖ್ಯ. ಇದು ನಾನು ಸಾಲ ತೀರಿಸುತ್ತಾ ಕಲಿತದ್ದು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ನಮ್ಮ ಮುಂಗಾರಿ ಹೆಸರು ಹೋಯಿತು. ಮೆಣಸಿನಕಾಯಿಯಾದರೂ ಕೈ ಹಿಡಿದೀತು ಅಂದರೆ, 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಪೇಟೆಯಲ್ಲಿ ದರ ಬಿದ್ದು, ಸಿಟ್ಟು ಎಪಿಎಂಸಿ ಆವರಣದ ವಾಹನಗಳಿಗೆ ಬೆಂಕಿ ಹತ್ತುವವರೆಗೆ ಹೋಯಿತು. ಅಷ್ಟರಲ್ಲಿ ನಮ್ಮ ಮನೆಗೆ ನಾಲ್ಕು ಕಡೆಯ ಸಾಲ ಕೂಡಿತ್ತು: ಸೊಸೈಟಿಯ ಬೆಳೆಸಾಲ, ಹೆಣ್ಣುಮಕ್ಕಳ ಗುಂಪಿನಲ್ಲಿ ನನ್ನ ಹೆಸರಿಗೆ ಎತ್ತಿದ ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ, ಗೊಬ್ಬರದ ಅಂಗಡಿಯ ಉದ್ರಿ, ಊರಿನ ಕೈಸಾಲ.

ಮಗಳ ನೋಟ್‌ಬುಕ್ಕಿನ ಒಂದೇ ಹಾಳೆಯಲ್ಲಿ ನಾಲ್ಕನ್ನೂ ಬರೆದೆವು. "ನೂರಕ್ಕೆ ಮೂರು" ಎಂದರೆ ಕಿವಿಗೆ ಹಗುರ. ಅದು ತಿಂಗಳ ಲೆಕ್ಕ. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ. "ಬಡ್ಡಿ ಕಟ್ಟೋದ ಆಗೇತಿ, ಅಸಲಿಗೆ ಕೈ ಹತ್ತವಲ್ದು" ಎಂದು ನಮ್ಮ ಮನೆಯವರು ಅನ್ನುತ್ತಿದ್ದುದರ ಕಾರಣ ಆ ಹಾಳೆಯಲ್ಲಿ ಕಂಡಿತು. ಸೊಸೈಟಿಯ ಸಾಲವನ್ನು ವಾಯಿದೆಯೊಳಗೆ ತುಂಬಿದರೆ ಬಡ್ಡಿಯೇ ಇಲ್ಲ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ವಾಯಿದೆ ಮೀರಿದರೆ ಮಾತ್ರ ಆ ರಿಯಾಯಿತಿ ಹೋಗುತ್ತದೆ. ಅದಕ್ಕೆ ಹೆದರಿ ಎಷ್ಟೋ ಮನೆಯವರು ನಾಲ್ಕಾರು ದಿನಕ್ಕೆಂದು ಕೈಸಾಲ ತಂದು ಸೊಸೈಟಿಗೆ ತುಂಬುತ್ತಾರೆ. ರಿನಿವಲ್ ಆಗಿ ಬಂದ ದುಡ್ಡನ್ನು ಬಡ್ಡಿ ಸಮೇತ ಆ ಸಾಹುಕಾರನಿಗೇ ಒಯ್ದು ಕೊಡುತ್ತಾರೆ. ಬಡ್ಡಿಯಿಲ್ಲದ ಸಾಲಕ್ಕೆ ಬಡ್ಡಿ ತೆರುವ ಈ ವಾಡಿಕೆಗಿಂತ ಹೊಟ್ಟೆ ಉರಿಸುವ ಖರ್ಚು ನನಗೆ ಬೇರೆ ಕಾಣದು.

ಮೊದಲು ಕೈಸಾಲ ಹೋಗಬೇಕಿತ್ತು. ಇದ್ದದ್ದು ಬಂಗಾರ.

"ಪಾಟ್ಲಿ ಅಡಾ ಇಟ್ರ ಊರಾಗ ಮಂದಿ ಏನಂದಾರು?" ಅಂದರು ಅತ್ತಿ.

"ಅತ್ತೀ, ಪಾಟ್ಲಿ ತಿಜೋರ್ಯಾಗ ಸುಮ್ನ ಇರ್ತಾವ, ಬಡ್ಡಿ ಸುಮ್ನ ಇರಂಗಿಲ್ರಿ" ಅಂದೆ.

ಬ್ಯಾಂಕಿನಲ್ಲಿಟ್ಟೆವು. ಅಲ್ಲಿಯ ಬಡ್ಡಿ ಕೈಸಾಲದ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೆ ಬಂಗಾರ ಇಟ್ಟ ಮೇಲೆ ಮತ್ತೆ ಕೈಸಾಲಕ್ಕೆ ಹೋದರೆ ಎರಡೂ ಹೋದಂತೆ. ಹೋಗುವುದಿಲ್ಲ ಎಂದು ಮನೆಮಂದಿಯೆಲ್ಲ ಕೂತು ಗಟ್ಟಿ ಮಾಡಿಕೊಂಡೇ ಆ ಕೆಲಸಕ್ಕೆ ಇಳಿದೆವು.

ವಾರದ ಕಂತಿನ ತೊಂದರೆ ಬೇರೆ. ಹೊಲ ವಾರಕ್ಕೊಮ್ಮೆ ದುಡ್ಡು ಕೊಡುವುದಿಲ್ಲ. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದ ಇದೆ. ಒಳ್ಳೆಯ ನಿಯಮವೇ, ಆದರೆ ಒಕ್ಕಲುತನದ ಮನೆಗೆ ತಿಂಗಳ ಆದಾಯ ಎಲ್ಲಿಂದ ಬರಬೇಕು? ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದರೆ ಜುಲೈ ತಿಂಗಳ ಬರಿಗೈ ಕಾಣುವುದಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಎತ್ತುವುದು ಆ ಜುಲೈಯಲ್ಲೇ ಶುರು. ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿತು; ಹತ್ತು ವರ್ಷದವರೆಗೆ ಜೈಲು ಅದರಲ್ಲಿದೆ. ಬೇಕಾಗಿತ್ತು. ಕಂತಿನ ದಿನಕ್ಕೂ ಪೀಕಿನ ದಿನಕ್ಕೂ ಹೊಂದಿಕೆಯಾಗದ್ದು ಅದರಿಂದ ಸರಿಹೋಗದು.

ರಿಸರ್ವ್ ಬ್ಯಾಂಕಿನ ಆ ನಿಯಮಗಳಲ್ಲೇ ನನ್ನ ಕೆಲಸಕ್ಕೆ ಬಂದದ್ದು ಎರಡು. ಬಡ್ಡಿ, ಶುಲ್ಕ ಎಲ್ಲ ಬರೆದ ಹಾಳೆಯನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅವಧಿಗೆ ಮುಂಚೆ ಸಾಲ ಮುಗಿಸಿದರೆ ದಂಡ ಹಾಕುವಂತಿಲ್ಲ. ಗುಂಪಿನ ಅಕ್ಕ-ತಂಗಿಯರಿಗೆ ಈ ಹಾಳೆ ಕೇಳಿ ಪಡೆಯಿರಿ ಎಂದು ಹೇಳುತ್ತಲೇ ಇರುತ್ತೇನೆ. ಅಸಲು ಇಳಿಯುತ್ತಾ ಹೋದರೂ ಮೊದಲಿನ ಪೂರ್ತಿ ಮೊತ್ತದ ಮೇಲೆಯೇ ವರ್ಷದ ಬಡ್ಡಿ ಹಾಕಿದರೆ, ಬಾಯಲ್ಲಿ ಹನ್ನೆರಡು ಅಂದದ್ದು ನಿಜದಲ್ಲಿ ಇಪ್ಪತ್ತೊಂದು ದಾಟುತ್ತದೆ. ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ನಾನು ಆ ಸಾಲವನ್ನು ಮುಂಚೆಯೇ ಮುಗಿಸಿದೆ.

ಉದ್ರಿ ಬಿಟ್ಟದ್ದರಿಂದ ಅಂದುಕೊಂಡದ್ದಕ್ಕಿಂತ ಹೆಚ್ಚು ಉಳಿಯಿತು. ಉದ್ರಿ ತರುವವರು ದರ ಕೇಳಲಾರರು, ಅಂಗಡಿಯವರು ಕೊಟ್ಟ ಔಷಧದ ಬಾಟಲಿಯನ್ನು ಬೇಡ ಎನ್ನಲಾರರು. ರೊಕ್ಕ ಕೊಟ್ಟು ತರಲು ಶುರುಮಾಡಿದ ಮೇಲೆ ಸಿಂಪಡಣೆಗಳೇ ಕಡಿಮೆಯಾದವು. ಖರ್ಚು ಹೆಚ್ಚು ಬೇಡುವ ಮೆಣಸಿನಕಾಯಿಯನ್ನು ಅರ್ಧಕ್ಕೆ ಇಳಿಸಿ, ಉಳಿದದ್ದಕ್ಕೆ ಹೆಸರು, ಅದರ ಹಿಂದೆ ಕಡಲೆ ಹಾಕಿದೆವು. ಮಗಳ ಮದುವೆಯನ್ನು ಮಠದ ಸಾಮೂಹಿಕ ವಿವಾಹದಲ್ಲಿ ಮಾಡಿದೆವು; ಬೀಗರೂ ಸಂತೋಷದಿಂದ ಒಪ್ಪಿದರು.

ಈಗ ಹೆಸರು ಮಾರಿದ ದುಡ್ಡಿನಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗುತ್ತದೆ, ಸೊಸೈಟಿಯ ವಾಯಿದೆಗೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ. ಉಳಿದಿರುವುದು ಬ್ಯಾಂಕಿನ ಬಂಗಾರದ ಸಾಲ. ಕಡಲೆ ಬಂದ ಮೇಲೆ ಅದರಲ್ಲಿ ಅರ್ಧ ತುಂಬುವುದೆಂದು ಮಾತಾಗಿದೆ.