ಎಳವೆಯ ನೋವು

1989ರಲ್ಲಿ ರುಮೇನಿಯದ ಚೌಸೆಸ್ಕು ಆಡಳಿತವು ಕುಸಿದಾಗ ಅಲ್ಲಿನ ಅನಾಥಾಲಯಗಳ ದುಃಸ್ಥಿತಿ ಲೋಕಕ್ಕೆ ತಿಳಿಯಿತು. ಹಸುಳೆಗಳು ದಿನವಿಡೀ ತೊಟ್ಟಿಲಲ್ಲೇ ಬಿದ್ದಿರುತ್ತಿದ್ದವು; ಎತ್ತಿ ಆಡಿಸುವವರಿರಲಿಲ್ಲ. ಹೊಡೆತವಷ್ಟೇ ಅಲ್ಲ, ಇಂತಹ ಅಲಕ್ಷ್ಯವೂ ಕ್ರೌರ್ಯವೇ. ಆ ದೇಶದಿಂದ ಬ್ರಿಟನ್ನಿಗೆ ದತ್ತು ಬಂದ 165 ಮಕ್ಕಳನ್ನು ಮನೋವೈದ್ಯ ಮೈಕೇಲ್ ರಟ್ಟರ್ ಮತ್ತು ಅವರ ಸಹೋದ್ಯೋಗಿಗಳು ತಾರುಣ್ಯದವರೆಗೂ ಪರಿಶೀಲಿಸಿದರು.

ಆರು ತಿಂಗಳೊಳಗೆ ಅನಾಥಾಲಯದಿಂದ ಪಾರಾದವರು ಬಹುಮಟ್ಟಿಗೆ ಇತರರಂತೆಯೇ ಬೆಳೆದರು. ಹೆಚ್ಚು ಕಾಲ ಅಲ್ಲಿದ್ದವರ ಬುದ್ಧಿಶಕ್ತಿಯೂ ಕ್ರಮೇಣ ಸುಧಾರಿಸಿತು. ಮನಸ್ಸಿನ ಕಥೆಯೇ ಬೇರೆ. ಬಾಲ್ಯದಲ್ಲಿ ಅಷ್ಟಾಗಿ ಕಾಣದಿದ್ದ ಖಿನ್ನತೆ, ಕಳವಳಗಳು ಅವರಲ್ಲಿ ತಾರುಣ್ಯದಲ್ಲಿ ತಲೆಯೆತ್ತಿದವೆಂದು 2017ರ ವರದಿಯು ತಿಳಿಸಿತು. ಅಕ್ಕರೆಯ ಮನೆ ದೊರೆತು ವರ್ಷಗಳಾದ ಮೇಲೂ ಹೀಗಾದುದು ವಿಚಾರಾರ್ಹ. ಆದರೂ ದೀರ್ಘಕಾಲ ನರಳಿದವರಲ್ಲಿಯೂ ಸುಮಾರು ಐವರಲ್ಲಿ ಒಬ್ಬರು ಯಾವ ತೊಂದರೆಯೂ ಇಲ್ಲದೆ ಬೆಳೆದರು. ಅವರನ್ನು ಕಾಪಾಡಿದುದು ಯಾವುದೆಂಬುದನ್ನು ವಿಜ್ಞಾನಿಗಳು ಇನ್ನೂ ಅರಸುತ್ತಿದ್ದಾರೆ.